ಹಲ್ಲಿಯ ಕಾಲು ಅಳೆದ ನಾಲ್ಕು ದಶಕ

ಜೀವವಿಕಾಸವನ್ನು ಒಪ್ಪುವವರ ಮನಸ್ಸಿನಲ್ಲೂ ಅದರ ಬಗ್ಗೆ ಒಂದು ಅನುಮಾನ ಉಳಿದಿರುತ್ತದೆ. ರಸಾಯನವಿಜ್ಞಾನಿ ಒಂದೇ ಕ್ರಿಯೆಯನ್ನು ನೂರು ಸಲ ನಡೆಸಿ ಫಲಿತಾಂಶ ಹೋಲಿಸಿ ನೋಡಬಲ್ಲ. ವಿಕಾಸವಾದರೋ ಒಮ್ಮೆ ನಡೆದು ಮುಗಿದ ಚರಿತ್ರೆ. ಅದರ ಬಗ್ಗೆ ಊಹಿಸಬಹುದೇ ಹೊರತು ಊಹೆಯನ್ನು ಪರೀಕ್ಷೆಗೆ ಒಡ್ಡಲಾಗದು ಎಂಬುದು ಆ ಅನುಮಾನ. ನೈಸರ್ಗಿಕ ಆಯ್ಕೆಯ ಕೆಲಸ ಎಷ್ಟು ನಿಧಾನವೆಂದರೆ ಯುಗಗಳು ಕಳೆಯುವವರೆಗೆ ಅದು ಕಣ್ಣಿಗೆ ಬೀಳದು ಎಂದು ಡಾರ್ವಿನ್ ಕೂಡ ನಂಬಿದ್ದರು. ಅಮೆರಿಕದ ವಿಕಾಸ ಜೀವವಿಜ್ಞಾನಿ ಜೊನಾಥನ್ ಲೋಸೋಸ್ ಅವರ ವೃತ್ತಿಜೀವನವನ್ನು ಈ ಅನುಮಾನಕ್ಕೆ ಸಿಕ್ಕ ದೀರ್ಘ ಉತ್ತರವೆಂದು ಓದಬಹುದು. ಅವರು ತಮ್ಮ ಕೆಲಸದ ಬಹುಪಾಲನ್ನು ಅನೋಲ್ ಎಂಬ ಒಂದೇ ಹಲ್ಲಿ ಕುಲಕ್ಕೆ ಮೀಸಲಿಟ್ಟರು. ನನ್ನ ವಾದ ಇಷ್ಟು: ಚರಿತ್ರೆಯನ್ನು ಓದುವ ವಿಜ್ಞಾನ ಮತ್ತು ಪ್ರಯೋಗ ನಡೆಸುವ ವಿಜ್ಞಾನ ಒಂದನ್ನೊಂದು ಪರೀಕ್ಷಿಸುತ್ತ ಹೋದಾಗ ವಿಕಾಸದ ಬಗ್ಗೆ ಭರವಸೆಯ ಮಾತು ಹೇಳಲು ಸಾಧ್ಯ, ಹಾಗೆ ಅವೆರಡೂ ಕೂಡಬೇಕಾದರೆ ಒಂದೇ ಪ್ರಾಣಿಯನ್ನು ದಶಕಗಟ್ಟಲೆ ಬಿಡದೆ ಹಿಡಿದಿರಬೇಕು.

ಅನೋಲ್ ನೋಡಲು ನಮ್ಮ ಬೇಲಿಯ ಓತಿಕ್ಯಾತವನ್ನು ಕಿರಿದು ಮಾಡಿದಂತಿರುತ್ತದೆ, ಆದರೆ ಎರಡರ ನಂಟು ಬಲು ದೂರದ್ದು. ಗಂಡು ಅನೋಲ್ ಗಂಟಲಡಿಯ ಬಣ್ಣದ ಚರ್ಮವನ್ನು ಬೀಸಣಿಗೆಯಂತೆ ಬಿಚ್ಚಿ ಮುಚ್ಚುತ್ತ ಎದುರಾಳಿಗೂ ಹೆಣ್ಣಿಗೂ ಸಂಜ್ಞೆ ಕೊಡುತ್ತದೆ. ತೇಜಸ್ವಿಯವರ ‘ಕರ್ವಾಲೊ’ ಮೂಲಕ ಕನ್ನಡಿಗರಿಗೆ ಆಪ್ತವಾದ ಹಾರುವ ಓತಿಗೂ ಇಂಥದೇ ಗಂಟಲ ಬಾವುಟವಿದೆ. ಅಮೆರಿಕ ಖಂಡಗಳ ಉಷ್ಣವಲಯದಲ್ಲಿ ಸುಮಾರು 400 ಪ್ರಭೇದಗಳಾಗಿ ಹರಡಿರುವ ಅನೋಲ್‌ಗಳ ನಿಜವಾದ ಸೋಜಿಗ ಕಾಣುವುದು ಕ್ಯೂಬಾ, ಹಿಸ್ಪಾನಿಯೋಲಾ, ಜಮೈಕಾ ಮತ್ತು ಪೋರ್ಟರಿಕೊ ಎಂಬ ನಾಲ್ಕು ಕೆರಿಬಿಯನ್ ದ್ವೀಪಗಳಲ್ಲಿ. ಅಲ್ಲಿ ಒಂದೇ ಮರವನ್ನು ಹಲವು ಪ್ರಭೇದಗಳು ಹಂಚಿಕೊಂಡಿರುತ್ತವೆ. ಕಾಂಡದ ಬುಡದಲ್ಲಿ ಕೂತು ನೆಲಕ್ಕೆ ಜಿಗಿದು ಹುಳ ಹಿಡಿಯುವುದಕ್ಕೆ ಉದ್ದನೆಯ ಹಿಂಗಾಲು. ಎಳೆ ಕಡ್ಡಿಗಳ ಮೇಲೆ ಮೆಲ್ಲಗೆ ತೆವಳುವುದಕ್ಕೆ ಗಿಡ್ಡ ಕಾಲು, ಸಪೂರ ಮೈ. ಎಲೆಗಳ ನಡುವೆ ಬಾಳುವುದಕ್ಕೆ ಹಸಿರು ಬಣ್ಣ, ಬೆರಳುಗಳಡಿ ಅಗಲವಾದ ಅಂಟುಮೆತ್ತೆ. ಹುಲ್ಲು ಪೊದೆಯಲ್ಲಿರುವುದಕ್ಕೆ ಮೈಗಿಂತ ಬಹು ಉದ್ದದ ಬಾಲ. ಕಾಂಡದ ನಡುಭಾಗದ್ದು ಮತ್ತು ಮರದ ನೆತ್ತಿಯ ದೊಡ್ಡ ಗಾತ್ರದ್ದು ಸೇರಿ ಒಟ್ಟು ಆರು ಮಾದರಿ. ಒಂದು ದ್ವೀಪದಲ್ಲಿ ಕಂಡ ಮಾದರಿಯನ್ನು ಹೆಚ್ಚುಕಡಿಮೆ ಹಾಗೇ ಇನ್ನೊಂದರಲ್ಲೂ ಕಾಣಬಹುದು.

ಈ ಮಾದರಿಗಳನ್ನು ಗುರುತಿಸಿ 1972ರಲ್ಲಿ ಹೆಸರಿಟ್ಟವರು ಹಾರ್ವರ್ಡ್‌ನ ಅರ್ನೆಸ್ಟ್ ವಿಲಿಯಮ್ಸ್. ಅದೇ ವಿಶ್ವವಿದ್ಯಾಲಯದಲ್ಲಿ 1984ರಲ್ಲಿ ಪದವಿ ಪಡೆದ ಲೋಸೋಸ್, 1989ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದರು. ಉದ್ದ ಕಾಲಿನಿಂದ ಹಲ್ಲಿಗೆ ಆಗುವ ಲಾಭವೇನು ಎಂಬುದನ್ನು ಊಹೆಗೆ ಬಿಡದೆ, ಸಹೋದ್ಯೋಗಿಯೊಬ್ಬರ ಜೊತೆ ಹಲ್ಲಿಗಳನ್ನು ಬೇರೆ ಬೇರೆ ದಪ್ಪದ ಕೋಲುಗಳ ಮೇಲೆ ಓಡಿಸಿ ವೇಗ ಅಳೆದರು. ದಪ್ಪ ಕೋಲಿನ ಮೇಲೆ ಉದ್ದ ಕಾಲಿನವು ಮುಂದಿದ್ದವು. ಕೋಲು ಸಣ್ಣದಾದಂತೆ ಆ ಅನುಕೂಲ ಕರಗಿತು, ಅವು ಎಡವತೊಡಗಿದವು. ಇನ್ನುಳಿದದ್ದು ನಂಟಸ್ತಿಕೆಯ ಪ್ರಶ್ನೆ. ಕಡ್ಡಿ ಹಲ್ಲಿ ಎಲ್ಲೋ ಒಮ್ಮೆ ಹುಟ್ಟಿ ನಾಲ್ಕೂ ದ್ವೀಪಗಳಿಗೆ ಹರಡಿತೋ, ಅಥವಾ ದ್ವೀಪದಿಂದ ದ್ವೀಪಕ್ಕೆ ಬೇರೆಬೇರೆಯಾಗಿ ರೂಪುಗೊಂಡಿತೋ? 1998ರಲ್ಲಿ ಲೋಸೋಸ್ ಮತ್ತು ಸಂಗಡಿಗರು ಡಿಎನ್‌ಎ ಆಧಾರದ ವಂಶವೃಕ್ಷ ಕಟ್ಟಿ ನೋಡಿದಾಗ ಉತ್ತರ ಸ್ಪಷ್ಟವಾಯಿತು. ಒಂದೇ ಬಗೆಯವಾಗಿ ಕಾಣುವ ಹಲ್ಲಿಗಳು ಬೇರೆ ದ್ವೀಪಗಳಲ್ಲಿ ಪರಸ್ಪರ ಹತ್ತಿರದ ಬಂಧುಗಳಲ್ಲ. ಅವುಗಳ ಬಂಧುಗಳೆಲ್ಲ ಹೆಚ್ಚಾಗಿ ತಮ್ಮ ದ್ವೀಪದಲ್ಲೇ, ಬೇರೆ ವೇಷದಲ್ಲಿವೆ. ಅಂದರೆ ರಸಾಯನವಿಜ್ಞಾನಿ ತನ್ನ ಕ್ರಿಯೆಯನ್ನು ಮರಳಿ ಮರಳಿ ನಡೆಸುವಂತೆ ನಿಸರ್ಗವೇ ಇಲ್ಲಿ ಒಂದು ಕತೆಯನ್ನು ಮತ್ತೆ ಮತ್ತೆ ನಡೆಸಿತ್ತು.

ಆದರೂ ಇದು ನಡೆದುಹೋದದ್ದರ ಓದು. ಕಾರಣ ಮತ್ತು ಪರಿಣಾಮ ಕಣ್ಣೆದುರೇ ಜೋಡಿಯಾಗುವುದನ್ನು ತೋರಿಸಿದಂತಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ. ಅದಕ್ಕೆ ಉತ್ತರ ಸಿಕ್ಕಿದ್ದು ಬಹಾಮಾಸ್‌ನಲ್ಲಿ. ಪರಿಸರ ವಿಜ್ಞಾನಿ ಥಾಮಸ್ ಶೋನರ್ 1977 ಮತ್ತು 1981ರಲ್ಲಿ ಸ್ಟ್ಯಾನಿಯಲ್ ಕೇ ದ್ವೀಪದ ಕಂದು ಅನೋಲ್‌ಗಳನ್ನು, ಹಲ್ಲಿಗಳೇ ಇಲ್ಲದ ಸಣ್ಣ ಸಣ್ಣ ನಡುಗಡ್ಡೆಗಳಲ್ಲಿ ಬಿಟ್ಟಿದ್ದರು. ಅವರಿಗೆ ಬೇಕಿದ್ದದ್ದು ಚಿಕ್ಕ ಗುಂಪುಗಳು ಹೇಗೆ ಅಳಿಯುತ್ತವೆ ಎಂಬ ಮಾಹಿತಿ. ಹಲ್ಲಿಗಳೋ ಬದುಕಿ ಸಂತತಿ ಬೆಳೆಸಿದವು. ಸ್ಟ್ಯಾನಿಯಲ್ ಕೇಯಲ್ಲಿ ಮರಗಳಿದ್ದರೆ ಈ ನಡುಗಡ್ಡೆಗಳಲ್ಲಿ ಇದ್ದದ್ದು ಕುರುಚಲು ಗಿಡ, ಸಣ್ಣ ರೆಂಬೆ. 10ರಿಂದ 14 ವರ್ಷಗಳ ಬಳಿಕ ಲೋಸೋಸ್ ಅವುಗಳ ಕಾಲು ಅಳೆದರು. ಯಾವ ನಡುಗಡ್ಡೆಯ ಗಿಡಗಂಟಿ ತವರಿನದಕ್ಕಿಂತ ಹೆಚ್ಚು ಭಿನ್ನವೋ ಅಲ್ಲಿನ ಹಲ್ಲಿಯೂ ತವರಿನ ಹಲ್ಲಿಗಿಂತ ಅಷ್ಟೇ ಹೆಚ್ಚು ಭಿನ್ನವಾಗಿತ್ತು. ದೊಡ್ಡ ದ್ವೀಪಗಳ ಕೋಟ್ಯಂತರ ವರ್ಷಗಳ ಚರಿತ್ರೆ ತೋರಿಸಿದ ದಿಕ್ಕಿನಲ್ಲೇ ಒಂದೂವರೆ ದಶಕದೊಳಗಿನ ಬದಲಾವಣೆಯೂ ಸಾಗಿತ್ತು. ಇದು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಇಲ್ಲಿ ಇನ್ನೂ ಗಟ್ಟಿಯಾದ ಒಂದು ಆಕ್ಷೇಪ ಏಳುತ್ತದೆ. ಗರಡಿಯಲ್ಲಿ ಸಾಮು ಮಾಡಿದವನ ತೋಳು ದಪ್ಪಗಾಗುವುದು ವಿಕಾಸವಲ್ಲ. ಹಾಗೆಯೇ ಸಣ್ಣ ರೆಂಬೆಯ ಮೇಲೆ ಬೆಳೆದ ಮರಿಗೆ ಕಾಲು ಗಿಡ್ಡವಾಗುವುದಾದರೆ ಅದು ವಂಶವಾಹಿಯ ಬದಲಾವಣೆ ಹೇಗಾದೀತು? ಈ ಪ್ರಶ್ನೆಯನ್ನು ಲೋಸೋಸ್ ತಮ್ಮ ಕೆಲಸಕ್ಕೆ ತಾವೇ ಒಡ್ಡಿದರು. ಮರಿಗಳನ್ನು ಎರಡು ಪಾಲು ಮಾಡಿ, ಒಂದನ್ನು ಅಗಲ ಹಲಗೆಗಳ ನಡುವೆ, ಇನ್ನೊಂದನ್ನು ಸಣ್ಣ ಕಡ್ಡಿಗಳ ನಡುವೆ ಸಾಕಿದರು. 2000ದಲ್ಲಿ ಪ್ರಕಟವಾದ ಫಲಿತಾಂಶ ಆಕ್ಷೇಪದ ಪರವಾಗಿಯೇ ಇತ್ತು: ಹಲಗೆಯ ಮೇಲೆ ಬೆಳೆದವುಗಳ ಕಾಲುಗಳು ತುಸು ಉದ್ದವಾಗಿದ್ದವು. ತಮ್ಮ ಹೆಸರಾಂತ ಶೋಧದ ಮೇಲೆ ತಾವೇ ಪ್ರಶ್ನೆಚಿಹ್ನೆ ಹಾಕಿ ಅದನ್ನು ಪ್ರಕಟಿಸುವುದು ವಿಜ್ಞಾನಿಯ ನಿಷ್ಠೆಗೆ ದೊಡ್ಡ ಸಾಕ್ಷಿ. ಮುಂದೆ ಫ್ಲಾರಿಡಾದ ನಡುಗಡ್ಡೆಗಳಲ್ಲಿ ಅವರ ಬಳಗ ಈ ಪಾಠವನ್ನು ಬಳಸಿಕೊಂಡಿತು. ಹೊರಗಿನಿಂದ ಬಂದ ಕಂದು ಅನೋಲ್ ಕೆಳಗಿನ ಜಾಗ ಹಿಡಿದಾಗ ಸ್ಥಳೀಯ ಹಸಿರು ಅನೋಲ್ ಮರದ ಮೇಲಕ್ಕೆ ಸರಿದಿತ್ತು. ಸುಮಾರು 20 ತಲೆಮಾರುಗಳಲ್ಲಿ ಅದರ ಬೆರಳಿನ ಅಂಟುಮೆತ್ತೆ ಹಿಗ್ಗಿತ್ತು. ಈ ಸಲ ಕಂದು ಅನೋಲ್ ಬಂದ ಮತ್ತು ಬಾರದ ಎರಡೂ ಬಗೆಯ ನಡುಗಡ್ಡೆಗಳ ಹಸಿರು ಅನೋಲ್ ಮರಿಗಳನ್ನು ಒಂದೇ ವಾತಾವರಣದಲ್ಲಿ ಬೆಳೆಸಿ ನೋಡಲಾಯಿತು. ವ್ಯತ್ಯಾಸ ಹಾಗೇ ಉಳಿಯಿತು, ಅಂದರೆ ಅದು ರಕ್ತದಲ್ಲೇ ಬಂದಿತ್ತು. 2014ರ ಈ ಫಲಿತಾಂಶಕ್ಕೆ ಬಲ ಬಂದದ್ದು 2000ದ ಸಂಶಯದಿಂದ.

ಕೊನೆಯ ಆಕ್ಷೇಪ ತಾತ್ವಿಕವಾದದ್ದು. ಜೀವಚರಿತ್ರೆಯ ಸುರುಳಿಯನ್ನು ಮೊದಲಿಗೆ ತಿರುಗಿಸಿ ಮತ್ತೆ ಓಡಿಸಿದರೆ ಬೇರೆಯೇ ಲೋಕ ಮೂಡುತ್ತದೆ ಎಂದು ಪಳೆಯುಳಿಕೆ ವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ 1989ರಲ್ಲಿ ವಾದಿಸಿದ್ದರು. ನಾಲ್ಕು ದ್ವೀಪಗಳ ಹಲ್ಲಿಗಳು ಅದನ್ನು ಸುಳ್ಳು ಮಾಡಿದವೇ? ಇಲ್ಲ. ಆರೂ ಮಾದರಿಗಳು ಇರುವುದು ಕ್ಯೂಬಾ ಮತ್ತು ಹಿಸ್ಪಾನಿಯೋಲಾದಲ್ಲಿ ಮಾತ್ರ. ಪೋರ್ಟರಿಕೊದಲ್ಲಿ ಐದು, ಜಮೈಕಾದಲ್ಲಿ ನಾಲ್ಕು. ಮುಖ್ಯಭೂಮಿಯ ಅನೋಲ್‌ಗಳು ಈ ಚೌಕಟ್ಟಿಗೆ ಸರಿಯಾಗಿ ಕೂರುವುದಿಲ್ಲ. 2017ರ ತಮ್ಮ ಪುಸ್ತಕದಲ್ಲಿ ಲೋಸೋಸ್ ತಳೆದ ನಿಲುವು ಅಳತೆಯುಳ್ಳದ್ದು: ಹತ್ತಿರದ ಬಂಧುಗಳು ಒಂದೇ ಬಗೆಯ ಪರಿಸರ ಎದುರಿಸಿದಾಗ ವಿಕಾಸದ ಹಾದಿಯನ್ನು ಬಹುಮಟ್ಟಿಗೆ ಮುಂಗಾಣಬಹುದು; ನಂಟು ದೂರವಾದಷ್ಟೂ ಆ ಭರವಸೆ ಕುಗ್ಗುತ್ತದೆ. ತನ್ನ ಎಲ್ಲೆ ಎಲ್ಲಿ ಮುಗಿಯುತ್ತದೆಂದು ಹೇಳಬಲ್ಲ ತತ್ವವೇ ಪರೀಕ್ಷೆಗೆ ಒಳಗಾದ ತತ್ವ.

1992ರಿಂದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯ, 2006ರಿಂದ ವಿಲಿಯಮ್ಸ್ ಕೆಲಸ ಮಾಡಿದ್ದ ಹಾರ್ವರ್ಡ್ ಸಂಗ್ರಹಾಲಯ, 2018ರಲ್ಲಿ ಮತ್ತೆ ಸೇಂಟ್ ಲೂಯಿಸ್: ಸಂಸ್ಥೆಗಳು ಬದಲಾದರೂ ಹಲ್ಲಿ ಬದಲಾಗಲಿಲ್ಲ. ಆ ಹಟದ ಬೆಲೆ ತಿಳಿಯುವುದು ವಿಫಲ ವರ್ಷಗಳಲ್ಲಿ. ಬಹಾಮಾಸ್‌ನ ನಡುಗಡ್ಡೆಗಳಿಗೆ ಬೇಟೆಗಾರ ಹಲ್ಲಿಯನ್ನು ಬಿಟ್ಟು ಅನೋಲ್‌ಗಳ ಪಾಡು ನೋಡುವ ಮೊದಲ ಪ್ರಯೋಗವನ್ನು 1999ರ ಫ್ಲಾಯ್ಡ್ ಚಂಡಮಾರುತ ಕೊಚ್ಚಿತು. 2003ರಲ್ಲಿ ಮತ್ತೆ ಆರಂಭಿಸಿದರು. ಮೊದಲ ಆರು ತಿಂಗಳು ನೆಲದ ಮೇಲೆ ಓಡಿ ಪಾರಾದ ಉದ್ದ ಕಾಲಿನವು ಹೆಚ್ಚು ಉಳಿದವು. ಅನೋಲ್‌ಗಳು ರೆಂಬೆ ಹತ್ತಿದ ಮೇಲೆ ಮುಂದಿನ ಆರು ತಿಂಗಳಲ್ಲಿ ಗಿಡ್ಡ ಕಾಲಿನವು ಉಳಿದವು. 2004ರಲ್ಲಿ ಫ್ರಾನ್ಸಿಸ್ ಚಂಡಮಾರುತ ಬಂದು ಆ ಸೀಮೆಯ ಹಲವು ನಡುಗಡ್ಡೆಗಳನ್ನು ಹಲ್ಲಿಗಳಿಲ್ಲದಂತೆ ಬರಿದು ಮಾಡಿತು. ಮರುವರ್ಷ ಅಂಥ ಏಳು ನಡುಗಡ್ಡೆಗಳಿಗೆ ಒಂದೊಂದು ಗಂಡು ಹೆಣ್ಣನ್ನು ಬಿಟ್ಟು, ಆರಂಭದ ಆಕಸ್ಮಿಕ ಎಷ್ಟು ಕಾಲ ಉಳಿಯುತ್ತದೆ ಎಂಬ ಹೊಸ ಪ್ರಶ್ನೆ ಕೇಳಲಾಯಿತು. ಏಳೂ ಕಡೆ ಸಣ್ಣ ರೆಂಬೆಗೆ ತಕ್ಕಂತೆ ಕಾಲು ಗಿಡ್ಡವಾಗುತ್ತ ಬಂತು. ಆದರೂ ಉದ್ದ ಕಾಲಿನ ಜೋಡಿಯಿಂದ ಹುಟ್ಟಿದ ಸಂತತಿ ಉಳಿದವಕ್ಕಿಂತ ಉದ್ದ ಕಾಲಿನದಾಗಿಯೇ ಉಳಿಯಿತು. ಆಯ್ಕೆಯೂ ಆಕಸ್ಮಿಕವೂ ಒಂದೇ ಅಳತೆಪಟ್ಟಿಯ ಮೇಲೆ ಕಂಡವು. ಬರಿದಾದ ನಡುಗಡ್ಡೆ ಹೊಸ ಪ್ರಶ್ನೆಗೆ ತಕ್ಕ ಜಾಗವೆಂದು ಗುರುತಿಸಲು, ಅಲ್ಲಿ ಮೊದಲೇ ವರ್ಷಗಟ್ಟಲೆ ಕಾಲು ಅಳೆದವರೇ ಬೇಕಿತ್ತು.