ಹೆದ್ದಾರಿಯ ನುಡಿ: ಲಾರಿ ಚಾಲಕರ ಮಾತು ಮತ್ತು ಸನ್ನೆ

ಭಾಷೆಯೆಂದೊಡನೆ ನಮ್ಮ ಮನಸ್ಸು ಗ್ರಂಥಗಳ ಕಡೆಗೂ ಶಾಸನಗಳ ಕಡೆಗೂ ಹರಿಯುವುದು ಸಹಜ. ಆದರೆ ಜೀವಂತವಾದ ಯಾವ ಭಾಷೆಯೂ ಗ್ರಂಥಗಳಲ್ಲಿ ಪೂರ್ತಿಯಾಗಿ ಸಿಕ್ಕುವುದಿಲ್ಲ. ಕುಂಬಾರನ ತಿಗರಿಯ ಬಳಿ, ನೇಕಾರನ ಮಗ್ಗದ ಗುಂಡಿಯಲ್ಲಿ, ಕಮ್ಮಾರನ ತಿದಿಯ ಮುಂದೆ ಬಳಕೆಯಾಗುವ ನೂರಾರು ನುಡಿಗಳು ಬಾಯಿಂದ ಬಾಯಿಗೆ ಸಾಗಿ, ಆ ಕಸುಬು ನಿಂತ ದಿನ ತಾವೂ ನಿಂತುಹೋಗುತ್ತವೆ.

ಇದಕ್ಕೆ ನಮ್ಮ ಚಂದ್ರವಳ್ಳಿಯೇ ಸಾಕ್ಷಿ. ದುರ್ಗದ ಬೆಟ್ಟದ ಮಗ್ಗುಲಿನ ಈ ಕಣಿವೆಯಲ್ಲಿ ಡಾ. ಎಂ. ಎಚ್. ಕೃಷ್ಣ ಅವರು 1929ರ ಸುಮಾರಿಗೆ ನಡೆಸಿದ ಉತ್ಖನನದಿಂದಲೂ, 1947ರಲ್ಲಿ ಮಾರ್ಟಿಮರ್ ವೀಲರ್ ಅವರು ನಡೆಸಿದ ಶೋಧನೆಯಿಂದಲೂ ಇಲ್ಲಿಯ ಪ್ರಾಚೀನತೆ ಲೋಕಕ್ಕೆ ತಿಳಿಯಿತು. ಶಾತವಾಹನರ ನಾಣ್ಯಗಳೊಡನೆ ರೋಮನ್ ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ಟೈಬೀರಿಯಸ್ ಅವರ ಬೆಳ್ಳಿಯ ನಾಣ್ಯಗಳೂ ಇಲ್ಲಿ ದೊರೆತಿವೆ. ಸಾಗರದಾಚೆಯ ನಾಣ್ಯ ಈ ಬಂಡೆಗಳ ನಡುವೆ ಬಂದು ಬಿದ್ದಿತೆಂದರೆ, ಅದನ್ನು ಹೊತ್ತು ತಂದ ದಾರಿಯೊಂದಿತ್ತು. ಆ ದಾರಿಯಲ್ಲಿ ಸರಕು ಸಾಗಿಸುವ ಜನರಿದ್ದರು. ಅವರಿಗೆ ತಮ್ಮದೇ ಆದ ಮಾತು, ಕೂಗು, ಸನ್ನೆಗಳು ಇದ್ದಿರಲೇಬೇಕು. ನಾಣ್ಯ ಉಳಿಯಿತು, ನುಡಿ ಉಳಿಯಲಿಲ್ಲ.

ಇಂದು ಅದೇ ಸಾಗಾಟದ ಕೆಲಸವನ್ನು ಮಾಡುತ್ತಿರುವವರು ಲಾರಿ ಚಾಲಕರು. ಬೆಂಗಳೂರು–ಪುಣೆ ಹೆದ್ದಾರಿ ಹಿರಿಯೂರು, ಚಿತ್ರದುರ್ಗಗಳ ಮೂಲಕ ಹಾಯ್ದುಹೋಗುತ್ತದೆ. ಬಹುಕಾಲ 4ನೆಯ ಸಂಖ್ಯೆಯಿಂದ ಪ್ರಸಿದ್ಧವಾಗಿದ್ದ ಅದು ಈಗ 48ನೆಯ ರಾಷ್ಟ್ರೀಯ ಹೆದ್ದಾರಿ. ಹಿರಿಯೂರಿನಲ್ಲಿ ಬಳ್ಳಾರಿಯ ದಾರಿ ಬಂದು ಕೂಡುತ್ತದೆ. ದುರ್ಗದಲ್ಲಿ ಹೊಸಪೇಟೆಯ ದಾರಿಯೂ ಹೊಳಲ್ಕೆರೆಯ ಮೂಲಕ ಶಿವಮೊಗ್ಗಕ್ಕೆ ಹೋಗುವ ದಾರಿಯೂ ಸೇರುತ್ತವೆ. ಹೀಗಾಗಿ ಲಾರಿಯ ನುಡಿ ನಮ್ಮ ಜಿಲ್ಲೆಗೆ ಹೊರಗಿನದಲ್ಲ. ನಮ್ಮ ಶಾಲೆಗಳ ಎಷ್ಟೋ ಮಕ್ಕಳ ಮನೆಮಾತಿನಲ್ಲಿ ಅದು ಬೆರೆತಿದೆ. ಆ ನುಡಿಯ ಸ್ವರೂಪವನ್ನು ಕಿಂಚಿತ್ ವಿವರಿಸುವುದೇ ಈ ಲೇಖನದ ಉದ್ದೇಶ.

ಆಕಾಶಮಾರ್ಗದ ಮಾತು

ಲಾರಿ ಚಾಲಕರ ಗುಪ್ತಭಾಷೆ ಎಂದಾಗ ಲೋಕಕ್ಕೆ ಮೊದಲು ನೆನಪಾಗುವುದು ಅಮೆರಿಕ. ಅಲ್ಲಿ ಜನಸಾಮಾನ್ಯರ ಬಳಕೆಗೆಂದೇ ಬಿಟ್ಟುಕೊಟ್ಟ 'ಸಿಟಿಜನ್ಸ್ ಬ್ಯಾಂಡ್' ಎಂಬ ತರಂಗಪಟ್ಟಿಯಿದೆ. ವಾಹನದಲ್ಲಿ ಚಿಕ್ಕ ರೇಡಿಯೊ ಇಟ್ಟುಕೊಂಡು ಕೆಲವು ಮೈಲಿಗಳ ದೂರದವರೆಗೆ ಮಾತನಾಡಬಹುದು, ಉತ್ತರವನ್ನೂ ಕೇಳಬಹುದು. 1973ರ ತೈಲ ಬಿಕ್ಕಟ್ಟಿನ ಬೆನ್ನಿಗೆ, 1974ರಲ್ಲಿ ಇಡೀ ದೇಶಕ್ಕೆ ಗಂಟೆಗೆ 55 ಮೈಲಿಯ ವೇಗಮಿತಿಯನ್ನು ವಿಧಿಸಲಾಯಿತು. ಡೀಸೆಲ್ ಎಲ್ಲಿ ಸಿಕ್ಕೀತು, ಪೊಲೀಸರು ಎಲ್ಲಿ ನಿಂತಿದ್ದಾರೆ ಎಂಬುದನ್ನು ಲಾರಿಯವರು ಈ ರೇಡಿಯೊದಲ್ಲಿ ಪರಸ್ಪರ ತಿಳಿಸತೊಡಗಿದರು. ಬಳಕೆ ಎಷ್ಟು ಹೆಚ್ಚಿತೆಂದರೆ, 23 ಇದ್ದ ಚಾನೆಲುಗಳನ್ನು 1977ರಲ್ಲಿ 40ಕ್ಕೆ ಏರಿಸಬೇಕಾಯಿತು.

ಈ ಬಗೆಯ ರೇಡಿಯೊದಲ್ಲಿ ಒಮ್ಮೆಗೆ ಒಬ್ಬನೇ ಮಾತನಾಡಬಲ್ಲ. ಒಬ್ಬನು ಗುಂಡಿ ಒತ್ತಿ ನುಡಿಯುತ್ತಿರುವಾಗ ಉಳಿದವರು ಕೇಳುತ್ತಿರಬೇಕು. ಆದುದರಿಂದಲೇ ಮಾತು ಮುಗಿಯಿತೆಂದು ಸೂಚಿಸಲು 'ಓವರ್' ಎಂಬ ಪದ ಬಂದಿತು. ಮಾತು ಅತಿ ಚಿಕ್ಕದಾಗಿರಬೇಕೆಂಬ ನಿಯಮವೂ ಹುಟ್ಟಿತು. 'ತಿಳಿಯಿತು' ಎನ್ನಲು 'ಟೆನ್-ಫೋರ್', 'ಎಲ್ಲಿದ್ದೀಯೆ' ಎನ್ನಲು 'ಟೆನ್-ಟ್ವೆಂಟಿ' ಎಂಬ ಅಂಕೆಗಳು ಅಲ್ಲಿಯ ಪೊಲೀಸರ ರೇಡಿಯೊದಿಂದ ಬಂದವು. ಇವುಗಳ ಜೊತೆಗೆ ಚಾಲಕರು ವಿನೋದದ ಪದಗಳನ್ನೂ ಕಟ್ಟಿದರು. ಪೊಲೀಸನಿಗೆ 'ಸ್ಮೋಕಿ' ಎಂದು ಹೆಸರಿಟ್ಟರು. ಕಾಡ್ಗಿಚ್ಚಿನ ಎಚ್ಚರಿಕೆಯ ಚಿತ್ರದಲ್ಲಿರುವ ಸ್ಮೋಕಿ ಎಂಬ ಕರಡಿಯ ಟೊಪ್ಪಿಗೆಯೂ ಅಲ್ಲಿಯ ಹೆದ್ದಾರಿ ಪೊಲೀಸನ ಟೊಪ್ಪಿಗೆಯೂ ಒಂದೇ ಆಕಾರದವು. ಲಾರಿಯ ತೂಕ ನೋಡುವ ಠಾಣೆಗೆ 'ಕೋಳಿಗೂಡು' ಎಂಬರ್ಥದ ಹೆಸರು.

ನಮ್ಮಲ್ಲಿ ಇದು ಬೆಳೆಯಲಿಲ್ಲ. ಕಾರಣ ಸ್ಪಷ್ಟ. 1933ರ ಭಾರತೀಯ ನಿಸ್ತಂತು ತಂತಿ ಅಧಿನಿಯಮದ ಪ್ರಕಾರ ಇಂತಹ ಉಪಕರಣವನ್ನು ಇಟ್ಟುಕೊಳ್ಳುವುದಕ್ಕೇ ಪರವಾನಗಿ ಬೇಕಾಗಿತ್ತು. 27 ಮೆಗಾಹರ್ಟ್ಸ್ ಆಸುಪಾಸಿನ ಈ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಉಪಕರಣಗಳಿಗೆ ವಿನಾಯಿತಿ ದೊರೆತುದು 2005ರಲ್ಲಿ. ಅಷ್ಟು ಹೊತ್ತಿಗೆ ಚಾಲಕರ ಜೇಬಿಗೆ ಮೊಬೈಲ್ ದೂರವಾಣಿ ಬರತೊಡಗಿತ್ತು. ಹೀಗೆ ದಶಕಗಳ ಕಾಲ ನಮ್ಮ ಚಾಲಕನು ರೇಡಿಯೊ ಇಲ್ಲದೆಯೇ ರಾತ್ರಿಯ ಕತ್ತಲಲ್ಲಿ ಅಪರಿಚಿತ ಚಾಲಕನೊಡನೆ ಮಾತನಾಡಬೇಕಾಯಿತು. ಅದಕ್ಕೆ ಅವನು ಬಳಸಿದ ಸಾಧನಗಳು ದೀಪ, ಹಾರನ್ನು, ಕೈ, ಲಾರಿಯ ಹಿಂಬದಿಯ ಹಲಗೆ ಮತ್ತು ಮರದ ಸೊಪ್ಪು.

ಎತ್ತಿನ ಗಾಡಿಯಿಂದ ಲಾರಿಗೆ

ಮೊದಲು ಬಾಯಿಮಾತನ್ನು ನೋಡೋಣ. ಲಾರಿಯ ಭಾಗಗಳ ಹೆಸರುಗಳೆಲ್ಲ ಪರದೇಶದವು. ಆದರೆ ಅವುಗಳನ್ನು ನಡೆಸುವ ಕ್ರಿಯಾಪದ ಅಚ್ಚಗನ್ನಡದ್ದು. ಬಾರುಕೋಲಿನಿಂದ ಎತ್ತುಗಳನ್ನು ಹೊಡೆದು ನಡೆಸುತ್ತಿದ್ದ ಕಾಲದಲ್ಲಿ 'ಗಾಡಿ ಹೊಡೆಯುವುದು' ಎಂಬ ಮಾತು ಅಕ್ಷರಶಃ ನಿಜವಾಗಿತ್ತು. ಎತ್ತು ಹೋಯಿತು, ಬಾರುಕೋಲು ಹೋಯಿತು. 'ಹೊಡೆ' ಮಾತ್ರ ಉಳಿಯಿತು. ಇಂದು ಚಾಲಕನು ಲಾರಿ ಹೊಡೆಯುತ್ತಾನೆ, ಹಾರನ್ ಹೊಡೆಯುತ್ತಾನೆ, ಬ್ರೇಕ್ ಹೊಡೆಯುತ್ತಾನೆ, ಲೈಟ್ ಹೊಡೆಯುತ್ತಾನೆ, ಟ್ರಿಪ್ ಹೊಡೆಯುತ್ತಾನೆ, ದುರದೃಷ್ಟವಶಾತ್ ಲಾರಿ ಪಲ್ಟಿಯನ್ನೂ ಹೊಡೆಯುತ್ತದೆ. ಹಾಗೆಯೇ ಏರಿನಲ್ಲಿ ಲಾರಿ 'ಎಳೆಯುವುದಿಲ್ಲ', ಕೆಟ್ಟಾಗ 'ಕೈ ಕೊಡುತ್ತದೆ' ಅಥವಾ ದಾರಿಯಲ್ಲೇ 'ಮಲಗುತ್ತದೆ'. ಯಂತ್ರವನ್ನು ದನದಂತೆ ಕಾಣುವ ಒಕ್ಕಲುಮಗನ ದೃಷ್ಟಿ ಇಲ್ಲಿ ಗೋಚರವಾಗುತ್ತದೆ.

ಪರದೇಶದ ಪದಗಳಲ್ಲಿಯೂ ಚರಿತ್ರೆ ಅಡಗಿದೆ. ಬದಲಿ ಚಕ್ರಕ್ಕೆ 'ಸ್ಟೆಪ್ನಿ' ಎನ್ನುತ್ತೇವಷ್ಟೆ. 1904ರಲ್ಲಿ ವೇಲ್ಸ್ ಸೀಮೆಯ ಲಾನೆಲಿ ಎಂಬ ಊರಿನಲ್ಲಿ ಬದಲಿ ಚಕ್ರವನ್ನು ತಯಾರಿಸಿ ಮಾರತೊಡಗಿದರು. ಆ ಊರಿನ ಸ್ಟೆಪ್ನಿ ಬೀದಿಯ ಹೆಸರೇ ಚಕ್ರದ ಹೆಸರಾಯಿತು. ಇಂಗ್ಲಿಷರು ಈ ಪದವನ್ನು ಹೆಚ್ಚು ಕಡಿಮೆ ಮರೆತುಬಿಟ್ಟಿದ್ದಾರೆ. ನಮ್ಮ ಪಂಚರ್ ಅಂಗಡಿಯ ಹುಡುಗ ಅದನ್ನು ಜೋಪಾನ ಮಾಡಿದ್ದಾನೆ. ಸರಕು ಹೊರುವ 'ಹಮಾಲಿ'ಯೂ ರಸ್ತೆಬದಿಯಲ್ಲಿ ತೆರಬೇಕಾದ 'ಮಾಮೂಲು' ಎಂಬುದೂ ಅರಬ್ಬಿ ಮೂಲದಿಂದ ಬಂದವು. 'ಮಾಮೂಲು' ಎಂದರೆ ರೂಢಿಯದು ಎಂದಷ್ಟೇ ಮೂಲಾರ್ಥ. ಅದು ಯಾವುದಕ್ಕೆ ಹೆಸರಾಯಿತು ಎಂಬುದನ್ನು ನೋಡಿದರೆ ಚಾಲಕನ ಬದುಕಿನ ಒಂದು ಕಷ್ಟ ತಾನಾಗಿ ತಿಳಿಯುತ್ತದೆ. ಅಮೆರಿಕದವನ ಕರಡಿಗೆ ಸರಿಸಾಟಿಯಾಗಿ ನಮ್ಮಲ್ಲಿ ಪೊಲೀಸನಿಗೆ 'ಮಾಮ' ಎಂಬ ಹೆಸರಿದೆ. ಅಲ್ಲಿ ಮೃಗ, ಇಲ್ಲಿ ನೆಂಟ!

ದೀಪ, ಕೈ, ಸೊಪ್ಪು

ಇನ್ನು ಮಾತಿಲ್ಲದ ಮಾತು. ಲಾರಿ ಹಿಂದಕ್ಕೆ ಬರುವಾಗ ಕ್ಲೀನರ್ ಕೆಳಗಿಳಿದು 'ಬರ್ಲಿ, ಬರ್ಲಿ' ಎನ್ನುತ್ತಾ ಬಾಡಿಯನ್ನು ಕೈಯಿಂದ ತಟ್ಟುತ್ತಿರುತ್ತಾನೆ. ಇಂಜಿನ್ನಿನ ಸದ್ದಿನಲ್ಲಿ ಕೂಗು ಕೇಳಿಸದಿದ್ದರೂ ತಗಡಿನ ಮೇಲಿನ ಪೆಟ್ಟು ಕೇಳಿಸುತ್ತದೆ. ಅವನ 'ರೈಟ್' ಎಂಬ ಪದಕ್ಕೆ ಎರಡರ್ಥ: ಬಲಗಡೆ ಎಂಬುದು ಒಂದು, ಹೊರಡು ಎಂಬುದು ಇನ್ನೊಂದು. ಯಾವುದೆಂಬುದು ಸಂದರ್ಭದಿಂದಲೇ ತಿಳಿಯಬೇಕು.

ಲಾರಿ ದಾರಿಯಲ್ಲಿ ಕೆಟ್ಟು ನಿಂತರೆ ಹಿಂದೆ ಒಂದಷ್ಟು ದೂರದಿಂದ ಕಲ್ಲುಗಳನ್ನು ಸಾಲಾಗಿ ಇಟ್ಟು, ಹಸಿ ಸೊಪ್ಪಿನ ಕೊಂಬೆಯನ್ನು ನಿಲ್ಲಿಸುವುದು ವಾಡಿಕೆ. ರಸ್ತೆಯ ನಡುವೆ ಹಸಿರೆಲೆ ಕಂಡಿತೆಂದರೆ ಮುಂದೆ ಅಪಾಯವಿದೆ ಎಂಬುದು ಯಾವ ಭಾಷೆಯವನಿಗಾದರೂ ತಿಳಿಯುತ್ತದೆ. ಲಾರಿ ದುರಸ್ತಿಯಾಗಿ ಹೊರಟ ಮೇಲೂ ಕಲ್ಲುಗಳನ್ನು ಅಲ್ಲಿಯೇ ಬಿಟ್ಟುಹೋಗುವ ಅಜಾಗ್ರತೆ ಮಾತ್ರ ಖಂಡನೀಯ. ಎಚ್ಚರಿಸಲು ಇಟ್ಟ ಕಲ್ಲೇ ರಾತ್ರಿ ಮತ್ತೊಬ್ಬನ ಪ್ರಾಣಕ್ಕೆ ಮುಳುವಾಗುತ್ತದೆ.

ಕೈಸನ್ನೆಗಳಿಗೆ ಕಾನೂನಿನ ಮನ್ನಣೆಯೂ ಇತ್ತು. 1989ರ ರಸ್ತೆ ನಿಯಮಗಳಲ್ಲಿ ಚಾಲಕನ ಬಲಗೈ ಏನೇನು ನುಡಿಯಬೇಕೆಂಬುದನ್ನು ವಿವರವಾಗಿ ಹೇಳಿತ್ತು. ವೇಗ ತಗ್ಗಿಸುವಾಗ ಅಂಗೈ ಕೆಳಮುಖವಾಗಿ ಕೈಯನ್ನು ಮೇಲಕ್ಕೂ ಕೆಳಕ್ಕೂ ಆಡಿಸಬೇಕು. ನಿಲ್ಲಿಸುವಾಗ ಮುಂಗೈಯನ್ನು ನೆಟ್ಟಗೆ ಎತ್ತಬೇಕು. ಬಲಕ್ಕೆ ತಿರುಗುವಾಗ ಕೈಯನ್ನು ಅಡ್ಡಲಾಗಿ ಚಾಚಿ ಸ್ಥಿರವಾಗಿ ಹಿಡಿಯಬೇಕು. ಹಿಂದಿನವನಿಗೆ 'ನನ್ನನ್ನು ದಾಟಿ ಹೋಗು' ಎನ್ನಬೇಕಾದರೆ ಚಾಚಿದ ಕೈಯನ್ನು ಹಿಂದಕ್ಕೂ ಮುಂದಕ್ಕೂ ಅರ್ಧವೃತ್ತಾಕಾರವಾಗಿ ಬೀಸಬೇಕು. ಚಾಚಿದ ಕೈ ಒಂದೇ. ಸ್ಥಿರವಾಗಿದ್ದರೆ ಒಂದು ಅರ್ಥ, ಬೀಸಿದರೆ ಇನ್ನೊಂದು. ಈ ಸೂಕ್ಷ್ಮವನ್ನು ವಾಚಕರು ಗಮನದಲ್ಲಿಡಬೇಕು. ಮುಂದೆ ಹೇಳಲಿರುವ ಅನರ್ಥದ ಮೂಲ ಇಲ್ಲಿದೆ.

ಅರ್ಥವು ಅನರ್ಥವಾದಾಗ

ಮುಂದೆ ಹೋಗುತ್ತಿರುವ ಲಾರಿಯ ಬಲಗಡೆಯ ಸೂಚಕ ದೀಪ ಮಿನುಗುತ್ತಿದೆ ಎಂದಿಟ್ಟುಕೊಳ್ಳೋಣ. ಕಾನೂನಿನ ಪ್ರಕಾರ ಅದರ ಅರ್ಥ 'ನಾನು ಬಲಕ್ಕೆ ಸರಿಯುತ್ತೇನೆ' ಎಂದು. ಆದರೆ ಹೆದ್ದಾರಿಯ ರೂಢಿಯಲ್ಲಿ ಎಷ್ಟೋ ಮಂದಿ ಅದನ್ನೇ 'ಎದುರಿಗೆ ಯಾರೂ ಇಲ್ಲ, ಬಲಗಡೆಯಿಂದ ನನ್ನನ್ನು ದಾಟು' ಎಂಬರ್ಥದಲ್ಲಿ ಬಳಸುತ್ತಾರೆ. ಮತ್ತೆ ಕೆಲವರು ಅದೇ ಮಾತಿಗೆ ಎಡಗಡೆಯ ದೀಪವನ್ನು ಹಾಕುತ್ತಾರೆ. ಕೈಯ ಕೆಲಸ ದೀಪಕ್ಕೆ ವರ್ಗವಾದಾಗ ಈ ಗೊಂದಲ ಹುಟ್ಟಿತೆಂದು ಊಹಿಸಬಹುದು. ಕೈಗೆ ಸ್ಥಿರವಾಗಿರುವುದೂ ಗೊತ್ತಿತ್ತು, ಬೀಸುವುದೂ ಗೊತ್ತಿತ್ತು. ದೀಪಕ್ಕೆ ಮಿನುಗುವುದೊಂದೇ ಗೊತ್ತು. ಎರಡು ಮಾತುಗಳು ಒಂದೇ ಮಿನುಗಿನಲ್ಲಿ ಸೇರಿಹೋದವು. ಒಬ್ಬನು 'ತಿರುಗುತ್ತೇನೆ' ಎಂದುದನ್ನು ಇನ್ನೊಬ್ಬನು 'ದಾಟು' ಎಂದು ತಿಳಿದರೆ ಆಗುವ ಪರಿಣಾಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎದುರಿನ ವಾಹನ ದೀಪವನ್ನು ಮಿಣುಕಿಸುವುದೂ ಹೀಗೆಯೇ. ನಮ್ಮಲ್ಲಿ ಸಾಮಾನ್ಯವಾಗಿ ಅದರ ಅರ್ಥ 'ನಾನು ಬರುತ್ತಿದ್ದೇನೆ, ನೀನು ತಡೆ' ಎಂದು. ಕೆಲವೊಮ್ಮೆ 'ಮುಂದೆ ತಪಾಸಣೆಯಿದೆ' ಎಂದು. ಇಂಗ್ಲೆಂಡಿನಲ್ಲಿ ಅನೇಕರು ಅದೇ ಸನ್ನೆಯಿಂದ 'ನೀನು ಮೊದಲು ಹೋಗು' ಎನ್ನುತ್ತಾರೆ. ಸನ್ನೆ ಒಂದು, ಅರ್ಥ ತದ್ವಿರುದ್ಧ.

2022ನೆಯ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಮಡಿದರೆಂದು ಕೇಂದ್ರ ಸರ್ಕಾರದ ವರದಿ ತಿಳಿಸುತ್ತದೆ. ವೇಗ, ನಿದ್ರೆ, ಮದ್ಯ, ಕೆಟ್ಟ ರಸ್ತೆ ಮುಂತಾದ ಕಾರಣಗಳು ಅನೇಕ. ಅವುಗಳ ನಡುವೆ ಸನ್ನೆಯನ್ನು ತಪ್ಪಾಗಿ ಓದಿದುದರಿಂದ ಸತ್ತವರನ್ನು ಎಣಿಸುವುದು ಸುಲಭವಲ್ಲ. ಆದರೆ ಭಾಷೆಯ ತಪ್ಪು ಪರೀಕ್ಷೆಯಲ್ಲಿ ಅಂಕವನ್ನು ಕಳೆದರೆ, ಹೆದ್ದಾರಿಯಲ್ಲಿ ಪ್ರಾಣವನ್ನೇ ಕಳೆಯಬಲ್ಲುದು ಎಂಬುದನ್ನು ನಾವು ಅರಿಯಬೇಕು.

ಮರೆಯಾಗುತ್ತಿರುವ ನುಡಿ

ಈ ನುಡಿಯೂ ಈಗ ಕರಗುತ್ತಿದೆ. 1989ರ ನಿಯಮಗಳ ಸ್ಥಾನದಲ್ಲಿ 2017ರಲ್ಲಿ ಹೊಸ ನಿಯಮಗಳು ಬಂದವು. ಅದೇ ವರ್ಷ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದು, ರಾಜ್ಯದ ಗಡಿಗಳಲ್ಲಿದ್ದ ತೆರಿಗೆಯ ತಪಾಸಣಾ ಠಾಣೆಗಳು ತೆರವಾದವು. ಅವುಗಳ ಸುತ್ತ ಬೆಳೆದಿದ್ದ ಮಾತುಗಳು ಅನಾಥವಾದವು. 2025ರ ಅಕ್ಟೋಬರಿನಿಂದ ತಯಾರಾಗುವ ಭಾರಿ ಲಾರಿಗಳ ಚಾಲಕ ಕೋಣೆಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ಬೇಸಿಗೆಯಲ್ಲಿ ಬೇಯುತ್ತಿದ್ದ ಚಾಲಕನಿಗೆ ಇದು ನಿಜವಾಗಿಯೂ ಹಿತ. ಆದರೆ ಗಾಜು ಮುಚ್ಚಿದ ಮೇಲೆ ಕೈ ಹೊರಬರುವುದಿಲ್ಲ. ಎಷ್ಟೋ ಲಾರಿಗಳಲ್ಲಿ ಈಗ ಕ್ಲೀನರ್ ಇಲ್ಲ. ತಗಡು ತಟ್ಟುವ ಸದ್ದಿಲ್ಲ. ನಮ್ಮ ಜಿಲ್ಲೆಯಲ್ಲಿ 2011ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಿಂದ ಅದಿರಿನ ಗಣಿಗಳು ನಿಂತಾಗ ಲಾರಿಗಳೂ ಸಾಲುಸಾಲಾಗಿ ನಿಂತವು. ಗಣಿಗಾರಿಕೆ ಮರಳಿ ಆರಂಭವಾದರೂ, ಆಗ ಕಸುಬು ಬಿಟ್ಟವರೊಡನೆ ಅವರ ಮಾತೂ ಹೊರಟುಹೋಯಿತು.

ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು ಎಂಟು ಸಂಪುಟಗಳಲ್ಲಿ ಸಂಪನ್ನವಾಗಿದೆ. ಅಂತಹ ಮಹಾಕಾರ್ಯಕ್ಕೆ ಕಾವ್ಯ, ಶಾಸನಗಳು ಆಕರವಾದುವು. ಹೆದ್ದಾರಿಯ ನುಡಿಗೆ ಆಕರ ಚಾಲಕನ ಬಾಯಿಯೊಂದೇ. ಅದನ್ನು ಸಂಗ್ರಹಿಸಲು ದೊಡ್ಡ ಸಂಸ್ಥೆಯಾಗಲಿ ಹೆಚ್ಚಿನ ಧನವಾಗಲಿ ಬೇಕಿಲ್ಲ. ಉಪಾಧ್ಯಾಯರು ತರಗತಿಯಲ್ಲಿ 'ನಿಮ್ಮ ಮನೆಯಲ್ಲಿ ಲಾರಿ ನಡೆಸುವವರು ಯಾರಾದರೂ ಇದ್ದಾರೆಯೇ?' ಎಂದು ಕೇಳಿ, ಆ ಮಕ್ಕಳ ಕೈಗೆ ಒಂದು ನೋಟುಪುಸ್ತಕ ಕೊಟ್ಟರೆ ಸಾಕು. ತಂದೆ ಊರಿಗೆ ಬಂದ ದಿನ ಮಗು ಅವರ ಪಕ್ಕದಲ್ಲಿ ಕುಳಿತು ಪದಗಳನ್ನು ಬರೆದುಕೊಳ್ಳಲಿ. ಯಾವ ದೀಪಕ್ಕೆ ಯಾವ ಅರ್ಥ ಎಂಬುದನ್ನು ಕೇಳಲಿ.

ಅದರಿಂದ ಮೂರು ಪ್ರಯೋಜನಗಳುಂಟು. ಭಾಷೆಗೆ ಒಂದು ಪದಕೋಶ ದೊರೆಯುತ್ತದೆ. ಮುಂದೆ ವಾಹನ ನಡೆಸಲಿರುವ ಮಕ್ಕಳಿಗೆ ಸನ್ನೆಯ ಗೊಂದಲ ಮೊದಲೇ ತಿಳಿಯುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ತಂದೆಯ ಕಸುಬನ್ನು ಹೇಳಿಕೊಳ್ಳಲು ಸಂಕೋಚಪಡುತ್ತಿದ್ದ ಮಗುವಿಗೆ, ತನ್ನ ತಂದೆಯೂ ಒಂದು ವಿದ್ಯೆಯನ್ನು ಬಲ್ಲವರು ಎಂಬ ಹೆಮ್ಮೆ ಮೂಡುತ್ತದೆ. ಚಂದ್ರವಳ್ಳಿಯ ವರ್ತಕರ ಮಾತನ್ನು ಬರೆದಿಡುವವರು ಅಂದು ಇರಲಿಲ್ಲ. ಇಂದು ಶಾಲೆಯಿದೆ, ಅಕ್ಷರವಿದೆ, ಬರೆಯಬಲ್ಲ ಮಕ್ಕಳಿದ್ದಾರೆ. ಈ ಕೆಲಸ ಬರುವ ವರ್ಷವೇ ಆರಂಭವಾಗಲೆಂದು ಹಾರೈಸೋಣ.