ವಿಜ್ಞಾನಿಯ ಮಾತು ಹೊಲದ ಬದುವಿಗೆ

ಧಾರವಾಡ ಸೀಮೆಯ ಯಾವ ಮನೆಗೆ ಹೋದರೂ ಈಗ ಮೊಬೈಲು ಕಾಣದೆ ಇರುವದಿಲ್ಲ. ಸೊಸೆಯು ಅಡಿಗೆಮನೆಯಲ್ಲಿ ಅದರಿಂದಲೇ ಹಾಡು ಕೇಳುವಳು. ಯಜಮಾನರು ಕಟ್ಟೆಯ ಮೇಲೆ ಕುಳಿತು ಅದರಲ್ಲಿಯೇ ಹುಬ್ಬಳ್ಳಿ ಪೇಟೆಯ ಧಾರಣೆ ನೋಡುವರು. ಬೆಳೆಗೆ ಬಿದ್ದ ರೋಗದ ಸುದ್ದಿಯೂ ಅದರ ಮದ್ದೂ ಇದೇ ಹಾದಿಯಿಂದ ಬರುವವು. ಮದ್ದು ಹೇಳಿದವರಾರೆಂಬದು ಮಾತ್ರ ಅನೇಕ ವೇಳೆ ತಿಳಿಯುವದಿಲ್ಲ. ಬಲ್ಲವರು ಸುಮ್ಮನಿದ್ದಲ್ಲಿ ಅರಿಯದವರೇ ಮಾತನಾಡುವರಲ್ಲವೆ?

2018ರ ಮೇ ತಿಂಗಳಲ್ಲಿ ಶಿವಮೊಗ್ಗೆಯ ಕೃಷಿವಿಜ್ಞಾನಿಗಳು ಗೋವಿನಜೋಳದ ಹೊಲದಲ್ಲಿ ಹೊಸದೊಂದು ಹುಳುವನ್ನು ಕಂಡರು. ಅಮೇರಿಕಾ ಖಂಡದಲ್ಲಿ ಹುಟ್ಟಿ, 2016ರಲ್ಲಿ ಆಫ್ರಿಕಕ್ಕೆ ಕಾಲಿಟ್ಟು, ನಮ್ಮ ದೇಶದಲ್ಲಿ ಮೊದಲು ಕರ್ನಾಟಕದಲ್ಲಿಯೇ ಗುರುತಿಸಲ್ಪಟ್ಟ ಸೈನಿಕ ಹುಳುವಿದು. ನಮ್ಮ ರೈತರು ಲದ್ದಿಹುಳುವೆಂದೂ ಅನ್ನುವರು. ಇದರ ಪತಂಗವು ಒಂದೇ ರಾತ್ರಿಯಲ್ಲಿ ನೂರು ಕಿಲೋಮೀಟರಿನಷ್ಟು ಹಾರಬಲ್ಲದು. ವಿದ್ವತ್ಪ್ರಬಂಧವು ಇಂಗ್ಲಿಷಿನಲ್ಲಿ ಅಚ್ಚಾಗಿ ಊರು ತಲುಪುವಷ್ಟರಲ್ಲಿ ಅದು ಎಷ್ಟು ಹೊಲ ದಾಟಿರಬೇಡ! ಹುಳು ಎಳೆಯದಿರುವಾಗ ಔಷಧಿ ತಾಗುವದು. ಬಲಿತು ಸುಳಿಯೊಳಗೆ ಹೊಕ್ಕು ಲದ್ದಿಯ ಮರೆಯಲ್ಲಿ ಕುಳಿತ ಮೇಲೆ ಸಿಂಪಡಿಸಿದ್ದು ಅದನ್ನು ಮುಟ್ಟುವದೇ ಕಷ್ಟ. ಇಲ್ಲಿ ಎರಡು ವಾರದ ವಿಳಂಬವೆಂದರೆ ಒಂದು ಸಂಸಾರದ ವರ್ಷದ ಅನ್ನದ ಪ್ರಶ್ನೆ.

ಆದುದರಿಂದ ವಿಜ್ಞಾನಿಗಳು ಪ್ರಬಂಧದೊಡನೆ ವಾಟ್ಸಪ್ಪಿಗೂ ಬರೆಯಬೇಕೆಂದು ನಾವು ಹೇಳುವೆವು. ಹುಳುವಿನ ಹಣೆಯ ಮೇಲೆ ತಲೆಕೆಳಗಾದ ಇಂಗ್ಲಿಷಿನ ‘ವೈ’ ಅಕ್ಷರ, ಬಾಲದ ಹತ್ತಿರ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ, ಇಷ್ಟನ್ನು ಒಂದು ಚಿತ್ರದೊಡನೆ ಕಳಿಸಿದರೆ ಹೈಸ್ಕೂಲು ಓದುವ ಮಗಳು ಹೊಲದಲ್ಲಿ ನಿಂತೇ ಅದನ್ನು ಗುರುತಿಸುವಳು. ಲ್ಯಾಟಿನ್ ಹೆಸರು ಅವಳಿಗೇಕೆ? ಕನ್ನಡದ ಹೆಸರಿನಲ್ಲಿಯೂ ಎಚ್ಚರ ಬೇಕು. ಮೈಸೂರು ಕಡೆಯ ಮುಸುಕಿನಜೋಳ, ಪುಸ್ತಕದ ಮೆಕ್ಕೆಜೋಳ, ನಮ್ಮ ಗೋವಿನಜೋಳ, ಮೂರೂ ಒಂದೇ. ಕಲಘಟಗಿಯ ರೈತನಿಗೆ ಬರೆಯುವಾಗ ಗೋವಿನಜೋಳವೆಂದೇ ಬರೆಯಬೇಕು.

ಕೆಲಸವೇನೂ ಹೊಸದಲ್ಲ. 1918ರಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. 1950ರ ಜನವರಿಯಲ್ಲಿ ಧಾರವಾಡಕ್ಕೆ ಆಕಾಶವಾಣಿ ಬಂದಿತು. ಆದರೆ ರೇಡಿಯೋ ಕೇಳುತ್ತಿದ್ದವನು ಅಲ್ಲಿಯೇ ಮರುಪ್ರಶ್ನೆ ಹಾಕುವಂತಿರಲಿಲ್ಲ. ಈಗಿನ ರೈತನು ತನ್ನ ಎಲೆಯ ಚಿತ್ರ ತೆಗೆದು, “ಸರ್, ಇದೂ ಅದೇ ಹುಳಾನ?” ಎಂದು ಕೂಡಲೆ ಕೇಳುವನು. ಉತ್ತರ ಬಾರದಿದ್ದರೆ ಔಷಧಿ ಅಂಗಡಿಗೆ ಹೋಗಿ, ಕೊಟ್ಟದ್ದನ್ನು ತರುವನು. 1986ರಲ್ಲಿ ಸ್ಥಾಪಿತವಾದ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿಮೇಳಕ್ಕೆ ಜನರು ಬಂಡಿ ಕಟ್ಟಿಕೊಂಡು, ಬಸ್ಸು ಹತ್ತಿ ಬರುವದೂ ಹೀಗೆ ಎದುರಾಎದುರು ಕೇಳುವದಕ್ಕಾಗಿಯೇ. ಉತ್ತರ ತಿಳಿಯದಿದ್ದರೆ “ನೋಡಿ ಹೇಳುವೆ” ಎಂದರೂ ಸಾಕು. ಅದರಿಂದ ವಿಜ್ಞಾನಿಯ ಗೌರವಕ್ಕೆ ಕುಂದಿಲ್ಲ.

ಅಕ್ಷರ ಬಾರದವರಿಗೇನು ಗತಿ? ಮೈಸೂರಿನ ಆಹಾರ ಸಂಶೋಧನಾಲಯದಲ್ಲಿ ವಿಜ್ಞಾನಿಯಾಗಿದ್ದ ಕೊಳ್ಳೇಗಾಲ ಶರ್ಮರು ‘ಜಾಣಸುದ್ದಿ’ಯೆಂಬ ಧ್ವನಿಪತ್ರಿಕೆಯನ್ನು ವಾಟ್ಸಪ್ಪಿನಲ್ಲಿ ಹಂಚಿ ದಾರಿ ತೋರಿಸಿದ್ದಾರೆ. ಹುಳುವಿನ ಸುದ್ದಿಯನ್ನು ಎರಡು ನಿಮಿಷ ನಮ್ಮ ಕಡೆಯ ಮಾತಿನಲ್ಲಿಯೇ ಹೇಳಿ ಕಳಿಸಿದರೆ ಅಜ್ಜಿಯೂ ಕಾಳು ಹಸನು ಮಾಡುತ್ತ ಕೇಳುವಳು.