ಹರಿದ ಬ್ಯಾಗು ಹೇಳುವ ಮಾತು

ಅಂಗಡಿಯಲ್ಲಿ ತೂಗುಹಾಕಿರುವಾಗ ಬೈಕಿನ ಬ್ಯಾಗುಗಳು ಒಂದೊಂದು ಕಂಪನಿಯವು ಒಂದೊಂದು ಥರ ಕಾಣುತ್ತವೆ. ಹರಿದು ನನ್ನ ಹೊಲಿಗೆ ಮಷೀನಿನ ಮುಂದೆ ಬಂದು ಬಿದ್ದಾಗ ಎಲ್ಲವೂ ಒಂದೇ. ಪಟ್ಟಿಯ ಬುಡ, ಸೈಲೆನ್ಸರ್ ಕಡೆಯ ಕೆಳಮೂಲೆ, ಜಿಪ್ಪಿನ ಬಾಯಿ. ಈ ಮೂರು ಜಾಗ ಬಿಟ್ಟು ಬೇರೆ ಕಡೆ ಹರಿದ ಬ್ಯಾಗು ನನ್ನ ಕೈಗೆ ಬಂದದ್ದು ಅಪರೂಪ.

ಹುಬ್ಬಳ್ಳಿಯಲ್ಲಿ ಗಾಡಿಯ ಸೀಟು ಹೊಲಿಯುವುದು ನನ್ನ ಕಸುಬು. ರೆಕ್ಸಿನ್, ಫೋಮು, ತಾಡಪತ್ರಿಗಳ ನಡುವೆಯೇ ಹೊತ್ತು ಹೋಗುತ್ತದೆ. ಊರು ಹೆದ್ದಾರಿಗಳು ಕೂಡುವ ಜಾಗದಲ್ಲಿರುವುದರಿಂದ ಬೆಂಗಳೂರಿನಿಂದ ಪುಣೆ ಕಡೆಗೆ ಹೋಗುವವರು, ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದು ಅಂಕೋಲಾ, ಗೋಕರ್ಣ, ಗೋವಾ ಎಂದು ಹೊರಟವರು, ದಾರಿಯಲ್ಲಿ ಏನಾದರೂ ಕಿತ್ತುಹೋದರೆ ವಿಚಾರಿಸಿಕೊಂಡು ನನ್ನಲ್ಲಿಗೆ ಬರುತ್ತಾರೆ. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ದೂರದ ಊರುಗಳಿಗೆ ಗಾಡಿಯಲ್ಲೇ ಹೋಗುವ ಹುಚ್ಚು ನನಗೂ ಇದೆ. ಹೊಲಿಯುವವನಾಗಿ, ಓಡಿಸುವವನಾಗಿ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬ್ಯಾಗು ಕೊಳ್ಳುವವರು ಮೊದಲು ಕೇಳುವುದು ಎಷ್ಟು ಲೀಟರಿನದು ಎಂದು. ನನ್ನನ್ನು ಕೇಳಿದರೆ, ಮೊದಲು ಅದನ್ನು ತಿರುವಿಹಾಕಿ ಪಟ್ಟಿಯ ಬುಡ ನೋಡಬೇಕು. ಚೀಲದ ಭಾರವೆಲ್ಲ ಜಗ್ಗುವುದು ಅಲ್ಲಿ. ರಸ್ತೆಯ ಪ್ರತಿಯೊಂದು ಹಂಪು, ಗುಂಡಿ ಅಲ್ಲಿಗೇ ಒಂದು ಎಳೆತ ಕೊಡುತ್ತದೆ. ಪಟ್ಟಿಯ ತುದಿಯನ್ನು ಎರಡು ಬಟ್ಟೆ ಕೂಡುವ ಗೆರೆಯೊಳಗೆ ತುರುಕಿ ಒಂದೇ ಸಾಲು ಹೊಲಿಗೆ ಹಾಕಿದ್ದರೆ ಅಂಥ ಬ್ಯಾಗನ್ನು ಅಲ್ಲೇ ಇಟ್ಟು ಬನ್ನಿ. ಗಟ್ಟಿಯಾದದ್ದರಲ್ಲಿ ಪಟ್ಟಿ ಚೀಲದ ತಳವನ್ನೇ ಬಳಸಿಕೊಂಡು ಒಂದು ಕಡೆಯಿಂದ ಇನ್ನೊಂದು ಕಡೆಗೆ ಅಖಂಡವಾಗಿ ಬಂದಿರುತ್ತದೆ. ಇಲ್ಲವೇ ಚೌಕ ಹೊಲಿದು ಅದರೊಳಗೆ ಗುಣಾಕಾರದ ಗುರುತಿನಂತೆ ಅಡ್ಡಡ್ಡ ಹೊಲಿಗೆ ಹಾಕಿ, ಹಿಂಭಾಗದಲ್ಲಿ ಇನ್ನೊಂದು ತುಂಡು ಬಟ್ಟೆಯ ಆಸರೆ ಕೊಟ್ಟಿರುತ್ತಾರೆ. ಹೊಲಿಗೆ ಒತ್ತೊತ್ತಾಗಿದ್ದರೆ ಗಟ್ಟಿ ಎಂದುಕೊಳ್ಳುವವರೂ ಇದ್ದಾರೆ. ಸೂಜಿ ಚುಚ್ಚಿದ ತೂತುಗಳು ತೀರಾ ಹತ್ತಿರವಾದರೆ ಬಟ್ಟೆ ಅಂಚೆಚೀಟಿಯ ಅಂಚಿನ ಹಾಗೆ ಆ ಗೆರೆಯ ಗುಂಟ ಹರಿದು ಬರುತ್ತದೆ. ರೆಕ್ಸಿನ್‌ನಲ್ಲಂತೂ ಇದು ಖಂಡಿತ.

ಮಳೆಗಾಲದಲ್ಲಿ ಗೋವಾದಿಂದ ಬೆಂಗಳೂರಿಗೆ ಮರಳುತ್ತಿದ್ದ ಹುಡುಗನೊಬ್ಬ ಹೀಗೇ ಪಟ್ಟಿ ಕಿತ್ತ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದ. ಚೀಲ ಜೋತುಬಿದ್ದು ಹಿಂದಿನ ಚಕ್ರಕ್ಕೆ ಉಜ್ಜಿತ್ತು. ಕಡ್ಡಿಗಳ ನಡುವೆ ಸಿಕ್ಕಿಕೊಂಡಿದ್ದರೆ ಚಕ್ರ ಅಲ್ಲೇ ಕಚ್ಚಿ ನಿಲ್ಲುತ್ತಿತ್ತು.

"ಅಣ್ಣ, ಸಂಜೆಯೊಳಗೆ ಆಗುತ್ತಾ?"

"ಆಗತೈತಿ. ಮೊದಲ ಒಳಗಿಂದು ಎಲ್ಲಾ ತಗೀರಿ, ಎಷ್ಟ್ ಭಾರ ಹೊತ್ತದ ನೋಡೂಣು."

ಒಳಗಿನಿಂದ ಮೂರು ಜೀನ್ಸ್ ಪ್ಯಾಂಟು ಬಂದವು, ಮೂರೂ ತೊಯ್ದಿದ್ದವು. ಒದ್ದೆ ಜೀನ್ಸ್ ಎತ್ತಿ ನೋಡಿದವರಿಗೆ ಅದರ ಭಾರ ಗೊತ್ತು. ಮಳೆಯಲ್ಲಿ ಎರಡು ದಿನವಾದರೂ ಅದು ಒಣಗುವುದಿಲ್ಲ. ಬೇಗ ಒಣಗುವ ಎರಡು ಜೊತೆ ಬಟ್ಟೆ ಇಟ್ಟುಕೊಂಡು ರಾತ್ರಿ ಒಗೆದು ಹರವಿಕೊಂಡರೆ ಸಾಕು. ಒಬ್ಬರೇ ಹೊರಟು ಲಾಡ್ಜಿನಲ್ಲಿ ಉಳಿಯುವುದಾದರೆ 40 ಲೀಟರಿನ ಬ್ಯಾಗಿನಲ್ಲಿ ಒಂದು ವಾರದ ಪ್ರವಾಸ ಆರಾಮಾಗಿ ಆಗುತ್ತದೆ. ಟೆಂಟು, ಸ್ಟೌ ಹೊರುವವರಿಗೆ ಮಾತ್ರ ಅದರ ಎರಡು ಪಾಲು ಬೇಕಾದೀತು. ದೊಡ್ಡ ಬ್ಯಾಗು ತಂದರೆ ಅದು ಖಾಲಿ ಉಳಿಯುವುದಿಲ್ಲ. ಮನುಷ್ಯ ತುಂಬಿಯೇ ತುಂಬುತ್ತಾನೆ.

ಬಟ್ಟೆಯ ಚೀಟಿಯ ಮೇಲೆ ಡೆನಿಯರ್ ಎಂಬ ಲೆಕ್ಕ ಇರುತ್ತದೆ. 9,000 ಮೀಟರ್ ಎಳೆಯ ತೂಕ ಎಷ್ಟು ಗ್ರಾಂ ಎನ್ನುವುದೇ ಡೆನಿಯರ್. ಅಷ್ಟು ಉದ್ದದ ಎಳೆ 1,000 ಗ್ರಾಂ ತೂಗಿದರೆ ಅದು 1,000 ಡೆನಿಯರ್ ಎಳೆ. ಎಳೆ ದಪ್ಪವಿದ್ದಷ್ಟೂ ಬಟ್ಟೆ ಉಜ್ಜಾಟಕ್ಕೆ ತಡೆಯುತ್ತದೆ. ಶಾಲೆಯ ಮಕ್ಕಳ ಬ್ಯಾಗಿನ ಬಟ್ಟೆಯಲ್ಲಿ ಹೊಲಿದದ್ದು ಬೈಕಿಗೆ ಬಾಳುವುದಿಲ್ಲ. ನೈಲಾನ್ ಉಜ್ಜಾಟಕ್ಕೆ ಪಾಲಿಯೆಸ್ಟರಿಗಿಂತ ಗಟ್ಟಿ. ಬಿಸಿಲಿಗೆ ಪಾಲಿಯೆಸ್ಟರ್ ಹೆಚ್ಚು ತಾಳುತ್ತದೆ. ಹೊಲಿದ ದಾರವನ್ನೂ ಕೇಳಿ. ಹತ್ತಿಯ ದಾರ ನೀರು ಕುಡಿದು ಕೊಳೆಯುತ್ತದೆ, ನೈಲಾನ್ ಅಥವಾ ಪಾಲಿಯೆಸ್ಟರ್ ದಾರವೇ ಆಗಬೇಕು.

ನೀರಿನ ವಿಷಯದಲ್ಲಿ ಜನ ತುಂಬಾ ಮೋಸಹೋಗುತ್ತಾರೆ. ಬಟ್ಟೆ ನೀರು ಒಳಗೆ ಬಿಡದಿದ್ದರೂ ಸೂಜಿಯ ತೂತು ಬಿಡುತ್ತದೆ. ಹೊಲಿದ ಬ್ಯಾಗಿಗೆ ಒಳಗಿನಿಂದ ಟೇಪು ಅಂಟಿಸಿರದಿದ್ದರೆ ಅರಬೈಲಿನ ಮಳೆಗೆ ಅದು ನಿಲ್ಲದು. ಲಾರಿಯ ತಾಡಪತ್ರಿಯಂಥ ಪಿವಿಸಿ ಲೇಪದ ಬಟ್ಟೆಯನ್ನು ಬಿಸಿಗಾಳಿಯಿಂದ ಕರಗಿಸಿ ಕೂಡಿಸಿ, ಬಾಯಿಯನ್ನು ಮೂರು ಸುತ್ತು ಸುತ್ತಿ ಬಕಲ್ ಹಾಕುವ ಚೀಲಗಳಿವೆಯಲ್ಲ, ಮಳೆಗೆ ಅವುಗಳಷ್ಟು ನಂಬಿಕಸ್ಥ ಬೇರೆ ಇಲ್ಲ. ಹೊರಗಿನಿಂದ ತೊಡಿಸುವ ಮಳೆಕವಚದ ಮೇಲೆ ನನಗೆ ಭರವಸೆ ಕಡಿಮೆ. ಹೆದ್ದಾರಿಯ ವೇಗಕ್ಕೆ ಅದರೊಳಗೆ ಗಾಳಿ ಹೊಕ್ಕು ಉಬ್ಬುತ್ತದೆ, ಎಲಾಸ್ಟಿಕ್ ಸಡಿಲವಾದರೆ ಹಾರಿಯೇ ಹೋಗುತ್ತದೆ. ಬಟ್ಟೆಗಳನ್ನು ಒಳಗೇ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಹೊರಗಿನದು ತೊಯ್ದರೂ ಚಿಂತೆಯಿಲ್ಲ. ರೇನ್‌ಕೋಟು ಮಾತ್ರ ಎಲ್ಲಕ್ಕಿಂತ ಮೇಲೆ, ಕೈಗೆ ಸಿಗುವಂತೆ ಇರಲಿ.

ಇನ್ನು ಭಾರ. ಇದರ ಬಗ್ಗೆ ಎಷ್ಟು ಹೇಳಿದರೂ ಕಡಿಮೆ, ಏಕೆಂದರೆ ಇಲ್ಲಿ ಹರಿಯುವುದು ಬ್ಯಾಗು ಮಾತ್ರವಲ್ಲ. ಗಾಡಿಯ ಕೈಪಿಡಿಯಲ್ಲಿ ಅದು ಒಟ್ಟು ಎಷ್ಟು ತೂಕ ತಾಳುತ್ತದೆ ಎಂದು ಬರೆದಿರುತ್ತದೆ. ಅದರಲ್ಲಿ ಗಾಡಿಯ ತೂಕ ಕಳೆದರೆ ಉಳಿಯುವುದು ಮನುಷ್ಯರಿಗೂ ಸಾಮಾನಿಗೂ ಸೇರಿದ್ದು. ಉದಾಹರಣೆಗೆ 165 ಕಿಲೋ ಉಳಿಯಿತು ಎನ್ನೋಣ. ಓಡಿಸುವವರು 75, ಹಿಂದೆ ಕೂತವರು 60. ಉಳಿದ 30 ಕಿಲೋದಲ್ಲಿ ಹೆಲ್ಮೆಟ್, ಜಾಕೆಟ್, ಬೂಟು, ಕ್ಯಾರಿಯರ್, ಬ್ಯಾಗಿನದೇ ತೂಕ, ಎಲ್ಲವೂ ಸೇರಬೇಕು. ಒಂದು ಜೋಡಿ ಅಲ್ಯುಮಿನಿಯಂ ಪೆಟ್ಟಿಗೆ, ಅದರ ಕಬ್ಬಿಣದ ಚೌಕಟ್ಟು ಸೇರಿದರೆ ಖಾಲಿಯಾಗಿರುವಾಗಲೇ 15 ಕಿಲೋದ ಆಸುಪಾಸು ಆಗಿಬಿಡುತ್ತದೆ. ಗಂಡ-ಹೆಂಡತಿ ಇಬ್ಬರೇ ಹೋಗುವ ಪ್ರವಾಸಕ್ಕೆ ನಾನು ಬಟ್ಟೆಯ ಬ್ಯಾಗನ್ನೇ ಹೇಳುವುದು ಈ ಕಾರಣಕ್ಕೆ.

ಎಷ್ಟು ಭಾರ ಎನ್ನುವಷ್ಟೇ ಮುಖ್ಯ ಅದು ಎಲ್ಲಿದೆ ಎನ್ನುವುದು. ಹಿಂದಿನ ಚಕ್ರದ ಅಚ್ಚಿಗಿಂತ ಹಿಂದೆ ಇಟ್ಟ ಪ್ರತಿ ಕಿಲೋ ಸನ್ನೆಗೋಲಿನಂತೆ ಮುಂದಿನ ಚಕ್ರವನ್ನು ಎತ್ತುತ್ತದೆ. ಹ್ಯಾಂಡಲ್ ಹಗುರಾಗುತ್ತದೆ, ವೇಗ ಏರಿದಾಗ ಅಲುಗತೊಡಗುತ್ತದೆ. ಹಿಂದಿನ ಟಾಪ್ ಬಾಕ್ಸು ದಿನನಿತ್ಯಕ್ಕೆ ಅನುಕೂಲವೇನೋ ನಿಜ, ಬೀಗ ಹಾಕಿ ಊಟಕ್ಕೆ ಹೋಗಬಹುದು. ಆದರೆ ಅದು ಇರುವುದು ಅತ್ಯಂತ ಹಿಂದೆ, ಅತ್ಯಂತ ಎತ್ತರದಲ್ಲಿ. ದೊಡ್ಡ ಪೆಟ್ಟಿಗೆಗಳಿಗೂ ತಯಾರಕರು ಸಾಮಾನ್ಯವಾಗಿ 10 ಕಿಲೋದ ಮಿತಿ ಹಾಕಿರುವುದು ಸುಮ್ಮನೆ ಅಲ್ಲ. ಅದರಲ್ಲಿ ಜಾಕೆಟ್, ತಿಂಡಿಯಂಥ ಹಗುರ ವಸ್ತುಗಳಿರಲಿ. ಪಾನಾ ಪಕ್ಕಡ್, ಟ್ಯೂಬು, ಚೈನಿಗೆ ಹೊಡೆಯುವ ಎಣ್ಣೆ ಇಂಥ ಭಾರದವು ಸ್ಯಾಡಲ್ ಬ್ಯಾಗಿನ ತಳದಲ್ಲಿ, ಸೀಟಿಗೆ ಆದಷ್ಟು ಹತ್ತಿರ ಇರಬೇಕು. ಎಡಬಲ ಎರಡೂ ಚೀಲಗಳನ್ನು ತೂಗುತಕ್ಕಡಿಗೆ ಹಾಕಿ ಸಮ ಮಾಡಿ. ಟ್ಯಾಂಕ್ ಬ್ಯಾಗಿನ ಜಾಗ ಒಳ್ಳೆಯದು, ಭಾರ ನಡುವಿಗೆ ಬರುತ್ತದೆ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿದಾಗ ಹಾರ್ನಿನ ಗುಂಡಿ ಅದುಮಿಕೊಳ್ಳುತ್ತದೆಯೇ ಎಂದು ನೋಡಿಕೊಂಡರಾಯಿತು. ಸಾಮಾನು ಹೇರಿದ ಮೇಲೆ ಟೈರಿನ ಗಾಳಿಯನ್ನು ಇಬ್ಬರು ಕೂರುವಾಗಿನ ಲೆಕ್ಕಕ್ಕೆ ಏರಿಸಿ, ಹಿಂದಿನ ಶಾಕ್ ಅಬ್ಸಾರ್ಬರನ್ನೂ ಬಿಗಿ ಮಾಡಿಸಬೇಕು. ಎರಡು ಶಾಕ್ ಇರುವ ಗಾಡಿಯಲ್ಲಿ ಎರಡೂ ಒಂದೇ ಮೆಟ್ಟಿಲಿನಲ್ಲಿರಲಿ.

ಸೈಲೆನ್ಸರ್ ಕಡೆಯ ಮೂಲೆಯ ಕಥೆ ಸಣ್ಣದು. ಗಾಡಿ ನಿಂತಿರುವಾಗ ಬ್ಯಾಗಿಗೂ ಸೈಲೆನ್ಸರಿಗೂ ನಡುವೆ ಅಂತರ ಕಾಣುತ್ತದೆ. ಇಬ್ಬರು ಕೂತು ಗುಂಡಿಗೆ ಇಳಿದಾಗ ಹಿಂಭಾಗ ಕುಸಿಯುತ್ತದೆ, ಚೀಲ ತೂಗಾಡಿ ಬಿಸಿ ಕೊಳವೆಗೆ ತಾಗುತ್ತದೆ. ನೈಲಾನ್ 6 ಎಂಬ ಬಗೆ ಕರಗುವುದು 220 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ. ಪಿವಿಸಿ ಅದಕ್ಕಿಂತ ಎಷ್ಟೋ ಮೊದಲೇ ಮೆತ್ತಗಾಗುತ್ತದೆ. ಪರಿಹಾರ ಸ್ಯಾಡಲ್ ಸ್ಟೇ, ಅಂದರೆ ಚೀಲವನ್ನು ಚಕ್ರದಿಂದಲೂ ಸೈಲೆನ್ಸರಿನಿಂದಲೂ ದೂರ ಹಿಡಿಯುವ ಕಬ್ಬಿಣದ ಬಳೆ. ಯಾವ ಫ್ಯಾಬ್ರಿಕೇಶನ್ ಅಂಗಡಿಯವರೂ ಮಾಡಿಕೊಡುತ್ತಾರೆ. ಬ್ಯಾಗಿಗೆ ಖರ್ಚು ಮಾಡಿ ಇದಕ್ಕೆ ಹಿಂದೆಮುಂದೆ ನೋಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಕೊಕ್ಕೆ ಇರುವ ರಬ್ಬರ್ ಹಗ್ಗದಿಂದ ಭಾರದ ಬ್ಯಾಗು ಕಟ್ಟಬೇಡಿ. ಅದು ಎಳೆದಷ್ಟೂ ಹಿಗ್ಗುವ ವಸ್ತು, ಚೀಲ ಅದರೊಳಗೆ ಜರುಗುತ್ತಲೇ ಇರುತ್ತದೆ. ಕೈತಪ್ಪಿದರೆ ಕೊಕ್ಕೆ ನೇರ ಕಣ್ಣಿಗೆ ಬರುತ್ತದೆ. ಬಿಚ್ಚಿ ಜೋತುಬಿದ್ದರೆ ಚೈನಿಗೆ ಸುತ್ತಿಕೊಳ್ಳುತ್ತದೆ. ಹಿಗ್ಗದ ನೈಲಾನ್ ಪಟ್ಟಿಗೆ ಬಕಲ್ ಹಾಕಿ ಬಿಗಿಯಿರಿ, ಉಳಿದ ತುದಿಯನ್ನು ಸುತ್ತಿ ಒಳಗೆ ಸಿಕ್ಕಿಸಿ.

ಗಟ್ಟಿ ಪೆಟ್ಟಿಗೆಯೋ ಬಟ್ಟೆಯ ಬ್ಯಾಗೋ ಎಂಬ ವಾದ ಮುಗಿಯುವಂಥದ್ದಲ್ಲ. ಡಾಂಬರು ರಸ್ತೆಯಲ್ಲೇ ಹೋಗಿ ಊರೂರಲ್ಲಿ ಗಾಡಿ ನಿಲ್ಲಿಸಿ ತಿರುಗಾಡುವವರಿಗೆ ಬೀಗದ ಪೆಟ್ಟಿಗೆ ನೆಮ್ಮದಿ. ಮರಳು, ಕೆಸರು, ಕಲ್ಲಿನ ದಾರಿಯಲ್ಲಿ ಗಾಡಿ ಬೀಳುವುದು ಇದ್ದದ್ದೇ, ಆಗ ಕಾಲು ಪೆಟ್ಟಿಗೆಯ ಕೆಳಗೆ ಸಿಕ್ಕಿದರೆ ಮೂಳೆಗೇ ಪೆಟ್ಟು. ಬಟ್ಟೆಯ ಚೀಲ ಅಷ್ಟು ನಿರ್ದಯಿಯಲ್ಲ.

ಲಡಾಖಿಗೆ ಹೋಗುವವರು ಬಂದರೆ ನಾನು ಬ್ಯಾಗಿಗಿಂತ ಮೊದಲು ಪೆಟ್ರೋಲಿನ ಮಾತೆತ್ತುತ್ತೇನೆ. ಮನಾಲಿ-ಲೇಹ್ ದಾರಿಯ ತಾಂಡಿಯಲ್ಲಿ, ಮುಂದಿನ ಬಂಕ್ 365 ಕಿಲೋಮೀಟರ್ ದೂರ ಎಂದು ಎಚ್ಚರಿಸುವ ಫಲಕ ಸವಾರರಲ್ಲಿ ಹೆಸರುವಾಸಿ. 13 ಲೀಟರ್ ಟ್ಯಾಂಕಿನ ಕ್ಲಾಸಿಕ್ 350 ಲೀಟರಿಗೆ 30 ಕೊಟ್ಟರೂ ಆಗುವುದು 390 ಕಿ.ಮೀ. ಏರು ಹಾದಿಯಲ್ಲಿ ಅದನ್ನು ನಂಬಿ ಹೊರಡಲಾಗದು. 5 ಲೀಟರಿನ ಕ್ಯಾನ್ ಬೇಕೇ ಬೇಕು, ಅದು ನಾಲ್ಕು ಕಿಲೋದ ಹತ್ತಿರ ತೂಗುತ್ತದೆ. ಲಡಾಖ್ ಕ್ಯಾರಿಯರ್ ಎಂದೇ ಮಾರುವ ಕಬ್ಬಿಣದ ಚೌಕಟ್ಟಿನಲ್ಲಿ ಸೈಲೆನ್ಸರ್ ಇಲ್ಲದ ಬದಿಗೆ ಅದರ ಜಾಗ. ನೀರಿನ ಬಾಟಲಿಯಲ್ಲಿ ಪೆಟ್ರೋಲ್ ತುಂಬಬಾರದು. ಕ್ಯಾನನ್ನೂ ಕಂಠಮಟ್ಟ ತುಂಬಬಾರದು, ಎತ್ತರ ಏರಿದಂತೆ ಆವಿ ಒತ್ತುತ್ತದೆ. ಅಲ್ಲಿ ದಾರಿಗೆ ಅಡ್ಡ ಹರಿಯುವ ತೊರೆಗಳಲ್ಲಿ ಹಿಮ ಕರಗಿ ಮಧ್ಯಾಹ್ನದ ಮೇಲೆ ನೀರು ಏರುವುದರಿಂದ ಸ್ಯಾಡಲ್ ಬ್ಯಾಗು ತೀರಾ ಕೆಳಗೆ ಜೋತಾಡಬಾರದು.

ಎಲ್ಲಿಗೇ ಹೋಗಲಿ, ಹೊರಡುವ ವಾರ ಮೊದಲು ಎಲ್ಲ ಸಾಮಾನು ಹೇರಿ, ಹಿಂದೆ ಕೂರುವವರನ್ನೂ ಕೂರಿಸಿ ಒಮ್ಮೆ ಓಡಿಸಿ ನೋಡಬೇಕು. ನಮ್ಮೂರವರಿಗೆ ಧಾರವಾಡಕ್ಕೆ ಹೋಗಿ ಬಂದರೆ ಸಾಕು. ಅರ್ಧ ದಾರಿಯಲ್ಲಿ ನಿಲ್ಲಿಸಿ ಪಟ್ಟಿಗಳನ್ನು ಮುಟ್ಟಿ ನೋಡಿದರೆ ಯಾವುದು ಸಡಿಲವಾಗುತ್ತದೆ ಎನ್ನುವುದು ತಿಳಿಯುತ್ತದೆ.

ಉಳಿದದ್ದು ಜಿಪ್ಪು. ಕೊಳ್ಳುವಾಗ 8 ಅಥವಾ 10ನೇ ನಂಬರಿನದನ್ನು ನೋಡಿ; ಮುಚ್ಚಿದ ಹಲ್ಲಿನ ಅಗಲ ಹೆಚ್ಚುಕಡಿಮೆ ಅಷ್ಟು ಮಿಲಿಮೀಟರ್ ಇರುತ್ತದೆ. ಕಡಲತೀರದಿಂದ ಬಂದ ಮೇಲೆ ಬ್ಯಾಗನ್ನು ಸಿಹಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ ಇಡಿ. ಹಸಿಯಾಗಿಯೇ ಮಡಚಿಟ್ಟರೆ ಒಳಗಿನ ಲೇಪ ಅಂಟಂಟಾಗಿ ಸುಲಿದು ಬರುತ್ತದೆ, ಅದಕ್ಕೆ ನನ್ನ ಬಳಿ ಮದ್ದಿಲ್ಲ. ಜಿಪ್ಪು ಎಳೆದ ಹಿಂದೆಯೇ ಬಾಯಿ ಬಿಟ್ಟುಕೊಂಡರೆ ಮಾತ್ರ ಬ್ಯಾಗು ಎಸೆಯಬೇಡಿ. ಹಲ್ಲುಗಳು ಗಟ್ಟಿಮುಟ್ಟಾಗಿದ್ದು, ಎಳೆಯುವ ರನ್ನರ್ ಮಾತ್ರ ಸವೆದು ಅಗಲವಾಗಿರುವುದೇ ಹೆಚ್ಚು. ಹೊಸ ರನ್ನರ್ ಹಾಕಲು ನೀವು ಚಹಾ ಕುಡಿದು ಬರುವಷ್ಟು ಹೊತ್ತು ಸಾಕು.